ಮಠದ ಮೌನ, ಮನೆಯ ಜಪಸರ

ಪ್ರಶ್ನೆ: ನನಗೆ 44 ವರ್ಷ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬೆಂಗಳೂರಿನ ಹತ್ತಿರ ಕುಂಬಳಗೋಡಿನ ಆಶೀರ್ವನಂ ಅನ್ನುವ ಕ್ರೈಸ್ತ ಮಠದಲ್ಲಿ ಮೂರು ದಿನ ಮೌನವಾಗಿದ್ದು ಬಂದೆ. ದೇವರ ಮುಂದೆ ಮಾತಿಲ್ಲದೆ ಸುಮ್ನೆ ಕೂರಬಹುದು ಅಂತ ಮೊದಲ ಸಲ ಗೊತ್ತಾಯಿತು. ಈಗ ರಾತ್ರಿ ಮನೆಯವರೆಲ್ಲ ಸೇರಿ ಮಣಿ ಎಣಿಸುತ್ತಾ ಹೇಳುವ ಜಪಸರ ಪ್ರಾರ್ಥನೆ ಬರೀ ಗದ್ದಲ ಅನ್ನಿಸುತ್ತದೆ. ಒಂದು ವಾರದಿಂದ ಕೂತಿಲ್ಲ. ಅತ್ತೆ ನೊಂದುಕೊಂಡಿದ್ದಾರೆ. ನನ್ನ ನಂಬಿಕೆ ಕೆಟ್ಟಿತಾ?

ಉತ್ತರ: ಇಲ್ಲಮ್ಮ, ಕೆಟ್ಟಿಲ್ಲ. ಆದರೆ ಆ ಮಠದ ಸನ್ಯಾಸಿಗಳು ದಿನವಿಡೀ ಬಾಯಿ ಮುಚ್ಚಿ ಕೂತಿರಲಿಲ್ಲ ಅಲ್ವಾ? ಎಷ್ಟು ಸಲ ಎಲ್ಲರೂ ಸೇರಿ ಬೈಬಲಿನ ಕೀರ್ತನೆ ಹಾಡಿದರು, ನೆನಪು ಮಾಡಿಕೊಳ್ಳಿ. ಅವರದು 6ನೇ ಶತಮಾನದ ಸಂತ ಬೆನೆಡಿಕ್ಟರ ದಾರಿ. ಅವರು ಬರೆದ ನಿಯಮದಲ್ಲಿ 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಹಾಡಿ ಮುಗಿಸಬೇಕು ಅಂತಿದೆ. ರಾತ್ರಿಯ ಕೊನೆಯ ಪ್ರಾರ್ಥನೆ ಆದ ಮೇಲೆ ಯಾರೂ ಮಾತಾಡುವಂತಿಲ್ಲ, ಆದರೆ ಅತಿಥಿಗೆ ಬೇಕಾದರೆ ಆಗಲೂ ಮಾತಾಡಬಹುದು. ಈ ಮಾತು ನನಗೆ ತುಂಬ ಇಷ್ಟ. ಬಾಗಿಲಿಗೆ ಬಂದ ಅಪರಿಚಿತನಿಗೋಸ್ಕರ ಅವರು ಮೌನ ಮುರಿಯುತ್ತಾರೆ. ನಿಮ್ಮ ಅತ್ತೆ ಅದಕ್ಕಿಂತ ಹತ್ತಿರದವರು.

ಹಾಗಂತ ನಿಮಗೆ ಸಿಕ್ಕಿದ್ದನ್ನು ಬಿಡಬೇಡಿ, ಖಂಡಿತ ಬಿಡಬೇಡಿ. ಬೆಳಿಗ್ಗೆ ಹಾಲಿನವನು ಬರುವ ಮೊದಲು ಇಪ್ಪತ್ತು ನಿಮಿಷ ನಿಮಗಾಗಿ ಇಟ್ಟುಕೊಳ್ಳಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಮನಸ್ಸು ಅಡುಗೆಮನೆಗೆ, ಮಕ್ಕಳ ಫೀಸಿಗೆ ಓಡುತ್ತದೆ. ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳ ಹತ್ತಿರ ಕಲಿತ ಜಾನ್ ಕ್ಯಾಸಿಯನ್ 5ನೇ ಶತಮಾನದಲ್ಲೇ ಇದಕ್ಕೊಂದು ಉಪಾಯ ಬರೆದಿಟ್ಟಿದ್ದಾರೆ: ಕೀರ್ತನೆಯ ಒಂದೇ ಸಾಲು, 'ದೇವರೇ, ನನ್ನ ನೆರವಿಗೆ ಬಾ', ಅದನ್ನೇ ಹಿಡಿದುಕೊಂಡು ಕೆಲಸದಲ್ಲಿ, ದಾರಿಯಲ್ಲಿ, ನಿದ್ದೆ ಹತ್ತುವ ತನಕ ಹೇಳುತ್ತಾ ಇರುವುದು. ನಿಮ್ಮ ಅತ್ತೆ 50 ಮಣಿಗಳ ಮೇಲೆ 'ನಮೋ ಮರಿಯಾ' ಅನ್ನುತ್ತಾ ಮಾಡುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ. ಬಾಯಿ ಆಡುತ್ತಿದ್ದರೂ ಅವರ ಒಳಗೆ ಎಷ್ಟು ವರ್ಷಗಳಿಂದ ನಿಶ್ಶಬ್ದವಿದೆಯೋ ನಿಮಗೆ ಗೊತ್ತಾ? ಒಮ್ಮೆ ಕೇಳಿ ನೋಡಿ.

ಇನ್ನೊಂದು ವಿಷಯ. ಕೆಲವು ವಾರಗಳಲ್ಲಿ ಬೇಜಾರು ಶುರುವಾಗುತ್ತದೆ, ಮಠದಲ್ಲಿ ಸಿಕ್ಕ ಆ ಸವಿ ಸಿಗುವುದಿಲ್ಲ. ಆ ಮರಳುಗಾಡಿನ ಸನ್ಯಾಸಿಗಳಿಗೂ ನಡುಮಧ್ಯಾಹ್ನ ಹೊತ್ತೇ ಹೋಗದೆ, ಮತ್ತೆ ಮತ್ತೆ ಸೂರ್ಯನನ್ನು ನೋಡುತ್ತಿದ್ದರಂತೆ. ಆಗಲೂ ಏಳದೆ ಕೂತಿರಿ.

ಇವತ್ತು ರಾತ್ರಿ ಅತ್ತೆಯ ಪಕ್ಕದಲ್ಲೇ ಜಪಸರಕ್ಕೆ ಕೂತುಕೊಳ್ಳಿ. ಮುಗಿದ ಮೇಲೆ ಎರಡು ನಿಮಿಷ ಯಾರೂ ಏಳದೆ ಹಾಗೇ ಇರೋಣವಾ ಅಂತ ಅವರನ್ನೇ ಕೇಳಿ. ಮಕ್ಕಳು ಚಡಪಡಿಸಬಹುದು, ಪರವಾಗಿಲ್ಲ. ಮುಂದಿನ ಸಲ ಆಶೀರ್ವನಂಗೆ ಹೋಗುವಾಗ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ.