ಬೆಂಗಳೂರಲ್ಲಿ ಮಾಡಿದ ವೈಫೈ ಸಾಧನವನ್ನು ಅಮೆರಿಕದಲ್ಲಿ ಮಾರಲು ನಮ್ಮ ಡಬ್ಲ್ಯೂಪಿಸಿ ಸರ್ಟಿಫಿಕೇಟ್ ಸಾಕಾ?

ಸಾಕಾಗುವುದಿಲ್ಲ. ನಿಮ್ಮ ಹತ್ತಿರ ಇರುವ ಡಬ್ಲ್ಯೂಪಿಸಿ ಇಟಿಎ (ರೇಡಿಯೊ ಸಾಧನಕ್ಕೆ ಭಾರತ ಸರ್ಕಾರ ಕೊಡುವ ಅನುಮತಿ) ನಡೆಯುವುದು ಭಾರತದೊಳಗೆ ಮಾತ್ರ. ಅಮೆರಿಕಕ್ಕೆ ಅಲ್ಲಿನ ಸಂಪರ್ಕ ನಿಯಂತ್ರಕ ಎಫ್‌ಸಿಸಿಯ ನಿಯಮ, ಯುರೋಪಿಗೆ ಸಿಇ ಗುರುತು. ಒಂದನ್ನು ತೋರಿಸಿ ಇನ್ನೊಂದನ್ನು ದಾಟಿಸಲು ಆಗಲ್ಲ.

ಆದರೂ ಗಾಬರಿ ಬೇಡ. ನೀರಿನ ಟ್ಯಾಂಕ್ ಮಟ್ಟ ತೋರಿಸುವ ಡಬ್ಬಿ, ಒಳಗೆ ರೆಡಿಮೇಡ್ ವೈಫೈ ಮಾಡ್ಯೂಲ್, ಅಮೆರಿಕದ ಗ್ರಾಹಕರು ಮೊದಲ ಕಂತಿಗೆ 200 ಪೀಸ್ ಕೇಳಿದ್ದಾರೆ ಎಂದು ಬರೆದಿದ್ದೀರಿ. ಆ ‘ರೆಡಿಮೇಡ್ ಮಾಡ್ಯೂಲ್’ ಎಂಬ ಮಾತೇ ನಿಮ್ಮ ಖರ್ಚನ್ನು ಬಹಳ ಇಳಿಸುತ್ತದೆ. ನಾನು ಪೀಣ್ಯದ ಒಂದು ಚಿಕ್ಕ ಕಂಪನಿಯಲ್ಲಿ ಪಂಪ್ ಕಂಟ್ರೋಲರ್‌ಗೆ ಇದೇ ಓಡಾಟ ಮಾಡಿದವನು.

ಚಿಪ್ ತಂದು ರೇಡಿಯೊ ಭಾಗವನ್ನು ನೀವೇ ಕಟ್ಟಿದ್ದರೆ, ಎಫ್‌ಸಿಸಿ ಮಾನ್ಯ ಮಾಡಿದ ಲ್ಯಾಬಿನಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ, ಎಫ್‌ಸಿಸಿ ಪರವಾಗಿ ಸರ್ಟಿಫಿಕೇಟ್ ಕೊಡುವ ಟಿಸಿಬಿ ಎಂಬ ಸಂಸ್ಥೆಯಿಂದ ನಿಮ್ಮದೇ ಎಫ್‌ಸಿಸಿ ಐಡಿ ಪಡೆಯಬೇಕಿತ್ತು. ಮಾಡ್ಯೂಲ್‌ಗೆ ಆಗಲೇ ಪೂರ್ತಿ ಮಾಡ್ಯುಲರ್ ಅನುಮತಿ (ಬೇರೆ ಸಾಧನದೊಳಗೆ ಕೂರಿಸಿ ಬಳಸಲು ಕೊಟ್ಟ ಅನುಮತಿ) ಇದ್ದರೆ ಹೊಸ ಐಡಿ ಬೇಕಿಲ್ಲ. ಡಬ್ಬಿಯ ಮೇಲೆ ‘ಕಂಟೇನ್ಸ್ ಎಫ್‌ಸಿಸಿ ಐಡಿ’ ಎಂದು ಹಾಕಿ ಮಾಡ್ಯೂಲ್‌ನ ಐಡಿ ಅಚ್ಚು ಹಾಕಿದರೆ ಆಯಿತು. ಆದರೆ ಆ ಅನುಮತಿ ಷರತ್ತಿನ ಮೇಲೆ ನಿಂತಿದೆ. ಎಫ್‌ಸಿಸಿ ವೆಬ್‌ಸೈಟಿನಲ್ಲಿ ಐಡಿ ಹಾಕಿ ಹುಡುಕಿದರೆ ಗ್ರಾಂಟ್ ಪತ್ರ, ಅಂದರೆ ಅನುಮತಿ ಪತ್ರ, ಸಿಗುತ್ತದೆ. ಕೂತು ಓದಿ. ಯಾವ ಬಗೆಯ ಆಂಟೆನಾ, ಎಷ್ಟು ಗೇನ್ (ಆಂಟೆನಾ ಸಿಗ್ನಲನ್ನು ಒಂದು ದಿಕ್ಕಿಗೆ ಹೆಚ್ಚಿಸುವ ಅಳತೆ) ತನಕ, ಮನುಷ್ಯರಿಂದ ಎಷ್ಟು ದೂರ (ಸಾಮಾನ್ಯವಾಗಿ 20 ಸೆಂಟಿಮೀಟರ್) ಎಂಬುದೆಲ್ಲ ಆ ಪತ್ರದಲ್ಲೋ ಜೊತೆಗಿರುವ ಕಡತಗಳಲ್ಲೋ ಸಿಗುತ್ತದೆ. ನಮ್ಮಲ್ಲಿ ಎಡವಿದ್ದು ಇಲ್ಲೇ. ಸಿಗ್ನಲ್ ಚೆನ್ನಾಗಿ ಬರಲಿ ಎಂದು ಯಾರೋ ದೊಡ್ಡ ಆಂಟೆನಾ ಸಿಕ್ಕಿಸಿದ್ದರು. ಒಳ್ಳೆ ಉದ್ದೇಶವೇ. ಆದರೆ ಗೇನ್ ಮಿತಿ ದಾಟಿತ್ತು, ಹಾಗಾಗಿ ಮಾಡ್ಯೂಲ್‌ನ ಅನುಮತಿ ನಮಗೆ ಒದಗಲಿಲ್ಲ. ಹಳೆಯ ಆಂಟೆನಾಗೆ ವಾಪಸ್ ಬಂದೆವು, ಕೇಸನ್ನು ಮತ್ತೆ ಮಾಡಿಸಿದೆವು.

ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಕೂಡ ನೋಡಿ. ನಮ್ಮಲ್ಲಿ 2.4 ಗಿಗಾಹರ್ಟ್ಸ್ ವೈಫೈ 13ನೇ ಚಾನೆಲ್ ತನಕ ಹೋಗುತ್ತದೆ. ಅಮೆರಿಕಕ್ಕೆ ಮಾಡ್ಯೂಲ್‌ಗಳು ಸಾಮಾನ್ಯವಾಗಿ 11ರ ತನಕ ಮಾತ್ರ ಪಾಸಾಗಿರುತ್ತವೆ. ಗ್ರಾಹಕರೇ ದೇಶ ಬದಲಿಸಿಕೊಳ್ಳುವ ಮೆನು ಇದ್ದರೆ ತೆಗೆದುಹಾಕಿ.

ಇಷ್ಟಾದರೂ ಲ್ಯಾಬಿಗೆ ಹೋಗುವುದು ತಪ್ಪುವುದಿಲ್ಲ. ಮಾಡ್ಯೂಲ್ ಬಿಟ್ಟು ಉಳಿದ ಬೋರ್ಡ್ ಸುಮ್ನೆ ಕೂತಿರುವುದಿಲ್ಲ ನೋಡಿ. ಪ್ರೊಸೆಸರ್, ಪವರ್ ಸಪ್ಲೈ, ಉದ್ದದ ಸೆನ್ಸರ್ ವೈರು ಎಲ್ಲವೂ ರೇಡಿಯೊ ಗದ್ದಲ ಹೊರಸೂಸುತ್ತವೆ. ಮನೆಗಳಿಗೆ ಮಾರುವ ಸಾಧನಕ್ಕೆ ಕ್ಲಾಸ್ ಬಿ ಮಿತಿ: 30ರಿಂದ 88 ಮೆಗಾಹರ್ಟ್ಸ್ ನಡುವೆ, 3 ಮೀಟರ್ ದೂರದಲ್ಲಿ ಅಳೆದರೆ, ಮೀಟರಿಗೆ 100 ಮೈಕ್ರೋವೋಲ್ಟ್. ನಮ್ಮ ಡಬ್ಬಿ ಮೊದಲ ಸಲ ಅಲ್ಲೇ ಫೇಲಾಯಿತು. ಎರಡು ದಿನ ಬೋರ್ಡನ್ನೇ ಅನುಮಾನಿಸಿದೆವು. ಕೊನೆಗೆ ಟೆಸ್ಟ್ ಕೋಣೆಯಲ್ಲಿದ್ದ ಹುಡುಗ ಸೆನ್ಸರ್ ವೈರ್ ಕಿತ್ತು ನೋಡಿದ, ಗ್ರಾಫ್ ದಬಕ್ಕನೆ ಇಳಿಯಿತು! ವೈರೇ ಆಂಟೆನಾ ಆಗಿತ್ತು. ಗದ್ದಲ ತಡೆಯುವ ಒಂದು ಫೆರೈಟ್ ತುಂಡು ಸಿಕ್ಕಿಸಿದ ಮೇಲೆ ಪಾಸು. ನಿಮ್ಮದೂ ಟ್ಯಾಂಕಿನ ತನಕ ವೈರ್ ಹೋಗುವ ಸಾಧನ ಅಲ್ವಾ? ಅದಕ್ಕೇ ಇಷ್ಟು ಉದ್ದ ಹೇಳಿದೆ. ಅಸಲಿ ಟೆಸ್ಟಿಗೆ ಮುಂಚೆ ಅರ್ಧ ದಿನ ಪ್ರೀ-ಸ್ಕ್ಯಾನ್‌ಗೆ ದುಡ್ಡು ಹಾಕಿ. ಗ್ರಾಹಕರಿಗೆ ಕೊಡುವ ಅಡಾಪ್ಟರ್, ಅಷ್ಟೇ ಉದ್ದದ ವೈರ್ ಜೊತೆಗೇ ಒಯ್ಯಿರಿ. ಟೆಸ್ಟ್ ಆದ ಮೇಲೆ ಪರ್ಚೇಸ್‌ನವರು ಅಗ್ಗದ ಅಡಾಪ್ಟರ್ ತಂದರೆ ಆ ರಿಪೋರ್ಟ್ ನಿಮ್ಮ ಡಬ್ಬಿಯದ್ದೇ ಅಲ್ಲ ಎಂದಾಗುತ್ತದೆ.

ಈ ಗದ್ದಲದ ಭಾಗಕ್ಕೆ ಎಸ್‌ಡಿಒಸಿ ಎಂಬ ಸ್ವಂತ ಘೋಷಣೆ ಸಾಕು. ಅದರಲ್ಲಿ ಅಮೆರಿಕದಲ್ಲೇ ವಿಳಾಸ ಇರುವ ಒಬ್ಬ ಜವಾಬ್ದಾರರ ಹೆಸರು ಕಡ್ಡಾಯ. ನಿಮ್ಮ ಗ್ರಾಹಕರೇ ಆಮದುದಾರರಾದರೆ ಅವರನ್ನೇ ಕೇಳಿ, ಆದರೆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಯುರೋಪಿನ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ 2014/53/ಇಯು ಎಂಬ ರೇಡಿಯೊ ನಿರ್ದೇಶನ ನಡೆಯುತ್ತದೆ. ಮಾಡ್ಯೂಲ್‌ಗೆ ಸಿಇ ಇದೆ ಎಂದು ಡಬ್ಬಿಗೆ ಸಿಇ ತಾನಾಗಿ ಬರುವುದಿಲ್ಲ, ಪೂರ್ತಿ ಸಾಧನದ ಹೊಣೆ ನಿಮ್ಮದು. ಮಾಡ್ಯೂಲ್ ಕಂಪನಿಯ ರಿಪೋರ್ಟ್‌ಗಳನ್ನು ಆಧಾರವಾಗಿ ಬಳಸಬಹುದು. ಸಾಧನದ ತಾಂತ್ರಿಕ ಕಡತವನ್ನು 10 ವರ್ಷ ಇಟ್ಟುಕೊಳ್ಳಬೇಕು. ಜೊತೆಗೆ, ಇಂಟರ್ನೆಟ್‌ಗೆ ಸೇರುವ ರೇಡಿಯೊ ಸಾಧನಗಳಿಗೆ 2025ರ ಆಗಸ್ಟ್ 1ರಿಂದ ಸೈಬರ್ ಸುರಕ್ಷತೆಯ ಷರತ್ತೂ ಬಂದಿದೆ. ಎಲ್ಲ ಪೀಸ್‌ಗೂ ಒಂದೇ ಡಿಫಾಲ್ಟ್ ಪಾಸ್‌ವರ್ಡ್ ಇಟ್ಟಿದ್ದರೆ ಈಗಲೇ ಬಿಡಿಸಿ. ಮೊದಲು ಅಮೆರಿಕ ಮುಗಿಸಿಕೊಳ್ಳಿ, ಯುರೋಪ್ ಆಮೇಲೆ.

ಮಾಡ್ಯೂಲ್‌ನ ಎಫ್‌ಸಿಸಿ ಐಡಿ ಮತ್ತು ನೀವು ಹಾಕಿರುವ ಆಂಟೆನಾದ ಬಗೆ, ಗೇನ್ ಬರೆದಿಲ್ಲ. ಇಲ್ಲೇ ಕೆಳಗೆ ಹಾಕಿ, ಗ್ರಾಂಟ್ ಪತ್ರಕ್ಕೆ ಹೊಂದುತ್ತದಾ ನೋಡಿ ಹೇಳುತ್ತೇನೆ.