ಚೀಸ್‌ ಪ್ಯಾಕೆಟ್ ಮೇಲಿನ ನೈಸಿನ್

ಪ್ರಶ್ನೆ: ಚೀಸ್ ಪ್ಯಾಕೆಟ್ ಮೇಲೆ ನೈಸಿನ್, 234 ಅಂತಿತ್ತು ಸರ್, ಬ್ಯಾಕ್ಟೀರಿಯಾ ಮಾಡೋ ವಿಷ ಅದು ಅಂತಾಳೆ ಮಗಳು, ಹಂಗಾದ್ರೆ ಮಾಡಿದ ಬ್ಯಾಕ್ಟೀರಿಯಾನೇ ಯಾಕೆ ಸಾಯಲ್ಲ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೈಸಿನ್ ಅಂದ್ರೆ ಚೀಸ್ ಕೆಡದಂತೆ ಹಾಕೋ ಪದಾರ್ಥ, 234 ಅದರ ನಂಬರ್. ಮಗಳು ಅರ್ಧ ಸರಿ, ನಮಗದು ವಿಷ ಅಲ್ಲ, ಬೇರೆ ಪ್ರೋಟೀನ್ ಥರಾನೇ ಜೀರ್ಣ ಆಗುತ್ತೆ. ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಅನ್ನೋ ಹಾಲಿನ ಬ್ಯಾಕ್ಟೀರಿಯಾ ಮಾಡೋ 34 ಅಮೈನೋ ಆಸಿಡ್‌ಗಳ ಪುಟ್ಟ ಪೆಪ್ಟೈಡ್ (ಚಿಕ್ಕ ಪ್ರೋಟೀನ್ ಅನ್ನಿ) ಇದು, ಬೇರೆ ಬ್ಯಾಕ್ಟೀರಿಯಾದ ಗೋಡೆಗೆ ಬೇಕಾದ ಲಿಪಿಡ್-2 ಅನ್ನೋ ಕಚ್ಚಾವಸ್ತುಗೆ ಅಂಟ್ಕೊಂಡು ಪೊರೇಲಿ ತೂತು ಮಾಡುತ್ತೆ. ಮಜಾ ಇರೋದು ಜೀನ್‌ಗಳಲ್ಲಿ: ನಿಸ್-ಎ ಜೀನ್‌ನಿಂದ ಪೆಪ್ಟೈಡ್ ಬರುತ್ತೆ, ನಿಸ್-ಬಿ, ನಿಸ್-ಸಿ ಆ ಪೆಪ್ಟೈಡ್ ಸರಪಳೀಲಿ ಉಂಗುರದಂಥ ಕುಣಿಕೆ ಹಾಕ್ತವೆ, ಅದೇ ಗುಂಪಲ್ಲಿರೋ ನಿಸ್-ಐ ಸ್ವಂತ ಪೊರೆ ಕಾಯುತ್ತೆ, ಆದ್ರೂ ಬಂದು ಕೂತ ನೈಸಿನ್‌ನ ನಿಸ್-ಎಫ್, ನಿಸ್-ಇ, ನಿಸ್-ಜಿ ಜೀನ್‌ಗಳಿಂದಾಗೋ ಪಂಪ್ ಆಚೆ ತಳ್ಳುತ್ತೆ. ಅಂದ್ರೆ ಆಯುಧ, ಕವಚ ಎರಡೂ ಒಟ್ಟಿಗೇ. ಹಾಗಂತ ಮುಂಬೈ ಸೆಖೇಲಿ ಚೀಸ್ ಫ್ರಿಜ್‌ನಿಂದ ಹೊರಗಿಡಬೇಡಿ ಮತ್ತೆ, ಬೂಷ್ಟು, ಈಸ್ಟ್ ಮುಂದೆ ನೈಸಿನ್ ಆಟ ನಡೆಯಲ್ಲ.