ಲೇಖನಗಳ ಲೆಕ್ಕ ಒಂದೇ ಸಾಲದು

ಸಂಶೋಧಕರು ಬಂದು ಉಳಿದು ಕೆಲಸ ಮಾಡುವ ಕ್ಷೇತ್ರ ಸಂಶೋಧನಾ ಕೇಂದ್ರವೊಂದು ಖರ್ಚಿಗೆ ತಕ್ಕ ಲಾಭ ಕೊಡುತ್ತಿದೆಯಾ ಅಂತ ತಿಳಿಯಲು, ಅದರ ವರ್ಷದ ಖರ್ಚನ್ನು ಅಲ್ಲಿಂದ ಬಂದ ಸಂಶೋಧನಾ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಸಾಲದು. ಆ ಲೆಕ್ಕದಲ್ಲಿ ಹೊಸ ಕೇಂದ್ರಗಳು ಯಾವಾಗಲೂ ದಂಡ ಅನ್ನಿಸಿಬಿಡುತ್ತವೆ.

ಮೊದಲು ಬೇರೆ ಪ್ರಶ್ನೆ ಕೇಳಿ: ಈ ಕೇಂದ್ರ ಇಲ್ಲದಿದ್ದರೆ ಪ್ರತಿ ತಂಡಕ್ಕೂ ಎಷ್ಟು ಖರ್ಚಾಗುತ್ತಿತ್ತು? ವಸತಿ, ವಾಹನ, ಜನರೇಟರ್, ಅನುಮತಿಗಾಗಿ ಓಡಾಟ, ಜಾಗ ಬಲ್ಲ ಸಹಾಯಕರು, ಎಲ್ಲವನ್ನೂ ಒಬ್ಬೊಬ್ಬರೇ ಹೊಂದಿಸಿಕೊಳ್ಳಬೇಕು. ಆ ಮೊತ್ತವನ್ನು ಕೇಂದ್ರದ ಖರ್ಚಿನ ಪಕ್ಕ ಇಡಿ. ವರ್ಷಕ್ಕೆ ಎಷ್ಟು ಜನ ಎಷ್ಟು ದಿನ ಬಳಸಿದರು ಅನ್ನುವುದೂ ಬೇಕು. ಹಾಸಿಗೆಗಳು ಸುಮ್ನೆ ಖಾಲಿ ಬಿದ್ದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ಲಾಭದ ಲೆಕ್ಕ ಕಷ್ಟವಾಗುವುದು ದೀರ್ಘಕಾಲದ ಅಳತೆಗಳಲ್ಲಿ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಆಗ ಅದು ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. 1964ರಲ್ಲಿ ಹಣ ಕಡಿತವಾಗಿ ಕೆಲವು ತಿಂಗಳು ಅಳತೆ ನಿಂತಿತು. ಗ್ರಾಫಿನಲ್ಲಿ ಆ ಜಾಗ ಈಗಲೂ ಖಾಲಿ. ಎಷ್ಟು ದುಡ್ಡು ಸುರಿದರೂ ಅದನ್ನು ತುಂಬೋಕೆ ಆಗಲ್ಲ. ಇಂಥ ಅಳತೆಯ ಬೆಲೆ ತಡವಾಗಿ ತಿಳಿಯುತ್ತದೆ ಅನ್ನುವುದಕ್ಕೆ ಅಂಟಾರ್ಕ್ಟಿಕಾದ ಹ್ಯಾಲಿ ಸಂಶೋಧನಾ ಕೇಂದ್ರ ಉದಾಹರಣೆ. ಅಲ್ಲಿ 1950ರ ದಶಕದಿಂದ ತೆಗೆದ ಓಜೋನ್ ಅಳತೆಗಳ ಬೆಲೆ 1985ರಲ್ಲಿ, ಓಜೋನ್ ರಂಧ್ರದ ವರದಿ ಬಂದಾಗ, ಎಲ್ಲರಿಗೂ ಕಂಡಿತು. ನಡುವಿನ ಯಾವುದೋ ಒಂದು ವರ್ಷ ಲೆಕ್ಕ ಹಾಕಿದ್ದರೆ ಲಾಭ ಜಾಸ್ತಿ ಕಾಣುತ್ತಿರಲಿಲ್ಲ, ಅಲ್ವಾ?

ಹಾಗಾಗಿ ವರದಿಯಲ್ಲಿ ಎರಡು ಭಾಗ ಮಾಡಿ. ಬಳಕೆಯನ್ನು ವರ್ಷವರ್ಷ ಅಳೆಯಿರಿ, ವರ್ಷಗಟ್ಟಲೆ ಸಾಗುವ ಅಳತೆಗಳ ದತ್ತಾಂಶ ಸರಣಿಯನ್ನು ಕನಿಷ್ಠ ಹತ್ತು ವರ್ಷದ ಅವಧಿಗೆ. ದತ್ತಾಂಶವನ್ನು ಹೊರಗಿನವರು ಎಷ್ಟು ಬಾರಿ ಬಳಸಿದರು ಅನ್ನುವುದನ್ನು ಇವತ್ತಿನಿಂದಲೇ ದಾಖಲಿಸಿ. ಆಮೇಲೆ ಹುಡುಕೋದು ತುಂಬಾ ಕಷ್ಟ.